ಪೂರ್ವ ಬಾಲಿಯಲ್ಲಿ ಎರಡು ಬೆಳಗು: ಆಮೆಡ್‌ನ ಹವಳದ ಕಡಲು, ಲೆಂಪುಯಾಂಗ್‌ನ ದೇವಸ್ಥಾನ

ಬಾಲಿಗೆ ಹೊರಟವರು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಈಜು ಬಾರದಿದ್ದರೂ ಸ್ನಾರ್ಕ್ಲಿಂಗ್ ಮಾಡಬಹುದೇ? ನಾವೂ ಹಿಂದೂಗಳೇ ಅಲ್ಲವೇ, ಅಲ್ಲಿನ ದೇವಸ್ಥಾನದ ಒಳಪ್ರಾಕಾರದವರೆಗೆ ನಮ್ಮನ್ನು ಬಿಡುತ್ತಾರೆಯೇ? ಎರಡಕ್ಕೂ ಒಂದೇ ಮಾತಿನ ಉತ್ತರವಿಲ್ಲ. ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಒಂದು ಮಾತು. ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ತೊಟ್ಟು, ಉಸಿರಾಟದ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು, ನೀರಿನ ಮೇಲ್ಮೈಯಲ್ಲೇ ಬೋರಲಾಗಿ ತೇಲುತ್ತ ಕೆಳಗಿನ ಲೋಕವನ್ನು ನೋಡುವುದೇ ಸ್ನಾರ್ಕ್ಲಿಂಗ್. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಸ್ಕೂಬಾ ಬೇರೆಯೇ ವಿದ್ಯೆ. ಅದಕ್ಕೆ ತರಬೇತಿ ಬೇಕು.

ಹಂತ 1: ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ವಿಮಾನ ನಿಲ್ದಾಣಕ್ಕೆ ಹತ್ತಿರ ಎಂದು ದಕ್ಷಿಣ ಬಾಲಿಯಲ್ಲಿ ಕೋಣೆ ಹಿಡಿಯುತ್ತಾರೆ. ಒಂದು ದಿನದ ಪ್ರವಾಸದಲ್ಲಿ ಲೆಂಪುಯಾಂಗ್ ದೇವಸ್ಥಾನ, ತೀರ್ಥ ಗಂಗಾ ಎಂಬ ಜಲೋದ್ಯಾನ, ಸ್ನಾರ್ಕ್ಲಿಂಗ್ ಮೂರನ್ನೂ ಮುಗಿಸಲು ಹೊರಡುತ್ತಾರೆ. ದಿನದ ಅರ್ಧ ಕಾರಿನಲ್ಲೇ ಕಳೆಯುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಕಡಲಿಗೂ ಬೆಳಗ್ಗೆಯೇ ಬೇಕು, ದೇವಸ್ಥಾನಕ್ಕೂ ಬೆಳಗ್ಗೆಯೇ ಬೇಕು. ಗಾಳಿ ಏಳುವ ಮುಂಚೆ ನೀರು ತಿಳಿಯಾಗಿರುತ್ತದೆ. ಮೋಡ ಕವಿಯುವ ಮುಂಚೆ ಅಗುಂಗ್ ಎಂಬ ಜ್ವಾಲಾಮುಖಿ ಪರ್ವತ ದೇವಸ್ಥಾನದಿಂದ ಕಾಣುತ್ತದೆ. ಒಂದು ದಿನಕ್ಕೆ ಎರಡು ಬೆಳಗಾಗುವುದಿಲ್ಲ.

ಆದ್ದರಿಂದ ಈಶಾನ್ಯ ತೀರದ ಆಮೆಡ್‌ನಲ್ಲಿ ಕನಿಷ್ಠ 3 ರಾತ್ರಿ ಉಳಿಯಿರಿ. ಇದು ಕರಂಗಾಸೆಮ್ ಜಿಲ್ಲೆಯ ಮೀನುಗಾರರ ಊರುಗಳ ಸಾಲು. ಉಪ್ಪು ತಯಾರಿಕೆಯೂ ಇಲ್ಲಿನ ಹಳೆಯ ಕಸುಬು. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆಯ ದಾರಿ. ಬಂದ ದಿನ ವಿಶ್ರಾಂತಿ, ಮರುದಿನ ಬೆಳಗ್ಗೆ ಕಡಲು, ಅದರ ಮರುದಿನ ಬೆಳಗ್ಗೆ ದೇವಸ್ಥಾನ. ಈ ಕ್ರಮಕ್ಕೂ ಕಾರಣವಿದೆ. ಮೊದಲ ದಿನವೇ ಬೆಟ್ಟದ ಮೆಟ್ಟಿಲು ಹತ್ತಿದರೆ ಮರುದಿನ ನೀರಿನಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ನೀರಿನಲ್ಲಿ ಸ್ನಾಯು ಹಿಡಿತ ಅಪಾಯಕಾರಿ.

ಹಂತ 2: ದಿನ ಗೊತ್ತುಮಾಡುವಾಗ ಎರಡು ಪಂಚಾಂಗ ನೋಡಿ

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ. ನೀರೂ ಆಗಲೇ ಹೆಚ್ಚು ತಿಳಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ. ಜೋರು ಮಳೆ ಬಂದ ಮರುದಿನ ಹಳ್ಳಗಳು ಮಣ್ಣನ್ನೂ ಕಸವನ್ನೂ ಕಡಲಿಗೆ ತರುತ್ತವೆ. ಅಂಥ ದಿನ ನೀರಿಗಿಳಿದು ಪ್ರಯೋಜನವಿಲ್ಲ.

ಇನ್ನು ಹಬ್ಬಗಳು. ಬಾಲಿಯವರು ಶಕ ವರ್ಷವನ್ನೇ ಎಣಿಸುತ್ತಾರೆ. ಅವರ ಹೊಸ ವರ್ಷ ನ್ಯೆಪಿ, ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. 2026ರಲ್ಲಿ ಅದು ಮಾರ್ಚ್ 19. ಅದು ಮೌನದ ದಿನ. 24 ಗಂಟೆ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಬೀದಿಗೆ ಯಾರೂ ಕಾಲಿಡುವಂತಿಲ್ಲ, ಪ್ರವಾಸಿಗರೂ ಹೋಟೆಲಿನ ಆವರಣ ದಾಟುವಂತಿಲ್ಲ. ಯುಗಾದಿ ರಜೆಗೆಂದು ಟಿಕೆಟ್ ತೆಗೆಸುವ ಮುಂಚೆ ನ್ಯೆಪಿಯ ದಿನಾಂಕವನ್ನು ತಪ್ಪದೆ ನೋಡಿಕೊಳ್ಳಿ.

ಇನ್ನೊಂದು ಎಣಿಕೆ 210 ದಿನಗಳ ಪವುಕೋನ್ ಪಂಚಾಂಗ. ಗಲುಂಗಾನ್ ಹಬ್ಬ ಇದರ ಪ್ರಕಾರ ಬರುತ್ತದೆ. 2026ರಲ್ಲಿ ಜೂನ್ 17, ಮುಂದಿನದು 2027ರ ಜನವರಿ 13. ಅದಾಗಿ ಹತ್ತು ದಿನಕ್ಕೆ ಕುನಿಂಗಾನ್. ಮನೆಮನೆಯೆದುರು ಬಾಗಿದ ಬಿದಿರಿನ ಪೆಂಜೋರ್ ಕಂಬಗಳು ನಿಂತಿರುತ್ತವೆ. ನೋಡಲು ಅದಕ್ಕಿಂತ ಚೆಂದದ ಸಮಯವಿಲ್ಲ. ಆದರೆ ಕಾರಿನ ಚಾಲಕರೂ ಅಂಗಡಿಯವರೂ ತಮ್ಮ ಊರಿಗೆ ಹೋಗಿರುತ್ತಾರೆ. ಎಲ್ಲವನ್ನೂ ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ.

ಹಂತ 3: ಕಾಗದಪತ್ರ ಮತ್ತು ಹಣ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬಂದಿಳಿದ ಮೇಲೆ ಕೊಡುವ ವೀಸಾ ಸಿಗುತ್ತದೆ. ಶುಲ್ಕ 5,00,000 ರುಪಿಯಾ (ಇಂಡೊನೇಷ್ಯಾದ ಹಣ), ಅವಧಿ 30 ದಿನ, ಒಮ್ಮೆ ವಿಸ್ತರಿಸಬಹುದು. ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ಆಯಸ್ಸು ಬೇಕು, ಮರಳುವ ಟಿಕೆಟ್ ಬೇಕು. ಆನ್‌ಲೈನ್‌ನಲ್ಲೇ ಮೊದಲು ಪಡೆದರೆ ಸರತಿ ಉಳಿಯುತ್ತದೆ. ಅವಧಿ ಮೀರಿ ಉಳಿದರೆ ದಿನಕ್ಕೆ 10,00,000 ರುಪಿಯಾ ದಂಡ. ಇದಲ್ಲದೆ 2024ರ ಫೆಬ್ರವರಿ 14ರಿಂದ ವಿದೇಶಿ ಪ್ರವಾಸಿಗರು ಬಾಲಿ ಪ್ರಾಂತಕ್ಕೆ ಪ್ರತ್ಯೇಕವಾಗಿ 1,50,000 ರುಪಿಯಾ ಕಟ್ಟಬೇಕು. ರಸೀದಿಯನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ.

ಎಚ್ಚರಿಕೆ: ಸರ್ಕಾರಿ ಜಾಲತಾಣಗಳನ್ನೇ ಹೋಲುವ ಖಾಸಗಿ ತಾಣಗಳು ಬಹಳ ಇವೆ. ಅವು ಹೆಚ್ಚು ಹಣ ಕೀಳುತ್ತವೆ. ಇಂಡೊನೇಷ್ಯಾ ಸರ್ಕಾರದ ತಾಣದ ವಿಳಾಸ ‘ಗೋ ಡಾಟ್ ಐಡಿ’ ಎಂದೇ ಮುಗಿಯುತ್ತದೆ. ಹಾಗೆ ಮುಗಿಯದಿದ್ದರೆ ಕಾರ್ಡಿನ ವಿವರ ಕೊಡಬೇಡಿ.

ರುಪಿಯಾದ ಸೊನ್ನೆಗಳಿಗೆ ಕಣ್ಣು ಹೊಂದಿಕೊಳ್ಳಲು ಒಂದು ದಿನ ಬೇಕು. ಲಕ್ಷದ ನೋಟು ಕೆಂಪು, 50,000ದ್ದು ನೀಲಿ, 10,000ದ್ದು ನೇರಳೆ. ಬಣ್ಣ ನೋಡಿ ಕೊಡುವುದನ್ನು ರೂಢಿಸಿಕೊಳ್ಳಿ. ಹಣ ಬದಲಿಸುವ ಅಂಗಡಿಯಲ್ಲಿ ಕೊನೆಯ ಎಣಿಕೆ ನಿಮ್ಮ ಕೈಯದೇ ಆಗಿರಲಿ. ಎಣಿಸಿದ ಮೇಲೆ ಕಂತೆಯನ್ನು ಅವರಿಗೆ ಮರಳಿ ಕೊಡಬೇಡಿ.

ಪ್ರಯಾಣ ವಿಮೆ ಮಾಡಿಸಿ, ಅದರಲ್ಲಿ ಜಲಕ್ರೀಡೆ ಸೇರಿದೆಯೇ ಎಂದು ಓದಿ ನೋಡಿ. ಸ್ಕೂಟರ್ ಬಾಡಿಗೆಗೆ ಪಡೆಯುವ ಯೋಚನೆಯಿದ್ದರೆ ಬಿಡಿ. ಆಮೆಡ್‌ನ ರಸ್ತೆ ಕಡಿದಾದ ಏರಿಳಿತಗಳದ್ದು. ಸರಿಯಾದ ಪರವಾನಗಿ ಇಲ್ಲದೆ ಬಿದ್ದರೆ ವಿಮೆಯೂ ಕೈಬಿಡುತ್ತದೆ.

ಹಂತ 4: ಚೀಲದಲ್ಲಿ ಏನಿರಬೇಕು

ಕಡಲಿಗೆ: ತೋಳುದ್ದದ ಈಜಂಗಿ, ಮೊಣಕಾಲು ಮುಚ್ಚುವ ಈಜು ಚಡ್ಡಿ ಅಥವಾ ಲೆಗ್ಗಿಂಗ್, ನೀರಿನಲ್ಲೂ ತೊಡಬಹುದಾದ ರಬ್ಬರ್ ಪಾದರಕ್ಷೆ. ಆಮೆಡ್‌ನದು ಜ್ವಾಲಾಮುಖಿಯ ಕಪ್ಪು ಮರಳು ಮತ್ತು ಉರುಟು ಕಲ್ಲಿನ ತೀರ. ಹೊತ್ತೇರಿದರೆ ಬರಿಗಾಲು ಸುಡುತ್ತದೆ, ಅಲೆಯ ಅಂಚಿನಲ್ಲಿ ಕಲ್ಲುಗಳು ಜಾರುತ್ತವೆ. ಸನ್‌ಸ್ಕ್ರೀನ್‌ಗಿಂತ ಬಟ್ಟೆಯನ್ನೇ ನಂಬಿ. ಬೋರಲಾಗಿ ತೇಲುವವರಿಗೆ ಸುಡುವುದು ಬೆನ್ನು, ಕತ್ತಿನ ಹಿಂಭಾಗ, ಮೊಣಕಾಲಿನ ಹಿಂದಿನ ಮಡಿಕೆ. ಹಚ್ಚಲೇಬೇಕಾದರೆ ಆಕ್ಸಿಬೆನ್‌ಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿಲ್ಲದ್ದನ್ನು ಆರಿಸಿ. ಇವು ಹವಳಕ್ಕೆ ಹಾನಿ ಮಾಡುತ್ತವೆ.

ದೇವಸ್ಥಾನಕ್ಕೆ: ಭುಜ ಮುಚ್ಚುವ ಅಂಗಿ ಅಥವಾ ಕುಪ್ಪಸ, ಕಮೆನ್ ಎಂಬ ಸುತ್ತುಬಟ್ಟೆ, ಅದರ ಮೇಲೆ ಸೊಂಟಕ್ಕೆ ಕಟ್ಟುವ ಸೆಲೆಂದಾಂಗ್ ಎಂಬ ನಡುಪಟ್ಟಿ. ಕಮೆನ್ ಎಂದರೆ ನಮ್ಮ ಲುಂಗಿಯ ಸೋದರ. ಪ್ರಾರ್ಥನೆಗೆ ಹೋಗುವ ಗಂಡಸರು ಉದೆಂಗ್ ಎಂಬ ತಲೆವಸ್ತ್ರವನ್ನೂ ಕಟ್ಟುತ್ತಾರೆ. ದೇವಸ್ಥಾನದ ಬಾಗಿಲಲ್ಲೂ ಕಮೆನ್ ಸಿಗುತ್ತದೆ, ಆದರೆ ಮಾರುಕಟ್ಟೆಯಲ್ಲಿ ಒಂದು ಕೊಂಡರೆ ಪ್ರವಾಸವಿಡೀ ಬಳಸಬಹುದು.

ಸಸ್ಯಾಹಾರಿಗಳು ಒಂದು ವಾಕ್ಯ ಕಲಿಯಿರಿ: ‘ತನ್ಪಾ ದಾಗಿಂಗ್, ತನ್ಪಾ ಇಕಾನ್, ತನ್ಪಾ ತೆರಾಸಿ’. ಮಾಂಸ ಬೇಡ, ಮೀನು ಬೇಡ, ತೆರಾಸಿ ಬೇಡ ಎಂದರ್ಥ. ಕೊನೆಯದೇ ಮುಖ್ಯ. ತೆರಾಸಿ ಎಂದರೆ ಒಣಸಿಗಡಿ ಹುದುಗಿಸಿ ಅರೆದದ್ದು. ಬರಿಯ ತರಕಾರಿಯಂತೆ ಕಾಣುವ ಪಲ್ಯದಲ್ಲೂ ಸಂಬಾಲ್ ಚಟ್ನಿಯಲ್ಲೂ ಅದು ಅಡಗಿರುತ್ತದೆ. ಹುದುಗಿಸಿದ ಸೋಯಾದ ತೆಂಪೆ, ಸೋಯಾ ಹಾಲಿನ ತಾಹು ಎಲ್ಲೆಡೆ ಸಿಗುತ್ತವೆ, ಹೊಟ್ಟೆಗೂ ಆಗುತ್ತವೆ.

ಹಂತ 5: ಕಡಲಿಗೆ ಮುಂಚೆ ಮಾಸ್ಕ್ ಪಳಗಿಸಿ

ಈಜು ಬಾರದವರು ಸ್ನಾರ್ಕ್ಲಿಂಗ್ ಮಾಡಬಹುದೇ ಎಂಬುದಕ್ಕೆ ನನ್ನ ಉತ್ತರ ಇದು: ತೇಲು ಅಂಗಿ ತೊಟ್ಟು, ಮಾರ್ಗದರ್ಶಿ ಪಕ್ಕದಲ್ಲೇ ಇದ್ದು, ಅವರು ಹಿಡಿದ ತೇಲು ಬಳೆಯನ್ನು ನೀವೂ ಹಿಡಿದಿದ್ದರೆ ಮಾಡಬಹುದು. ಈ ಮೂರರಲ್ಲಿ ಒಂದು ತಪ್ಪಿದರೂ ಇಳಿಯಬೇಡಿ. ಹೃದಯದ ತೊಂದರೆ, ಆಸ್ತಮಾ, ಅಪಸ್ಮಾರ ಇರುವವರು ಊರಿನಲ್ಲೇ ವೈದ್ಯರನ್ನು ಕೇಳಿ ಬನ್ನಿ.

ಮೊದಲು ಮಾಸ್ಕ್ ಆರಿಸುವುದು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮುಖಕ್ಕೆ ಸರಿ. ಪಟ್ಟಿ ಬಿಗಿದಷ್ಟೂ ನೀರು ನುಗ್ಗುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ನಿಜವೆಂದರೆ ಅತಿಯಾಗಿ ಬಿಗಿದರೆ ಅಂಚು ಮಡಿಚಿಕೊಂಡು ನೀರು ಬರುತ್ತದೆ. ಅಂಚಿನಡಿ ಒಂದೇ ಕೂದಲೆಳೆ ಸಿಕ್ಕಿಕೊಂಡರೂ ಸೋರುತ್ತದೆ. ದಟ್ಟ ಮೀಸೆಯವರಿಗೆ ಮೇಲ್ದುಟಿಯ ಬಳಿ ಸೋರಿಕೆ ಸಾಮಾನ್ಯ, ಅಲ್ಲಿ ತುಸು ಕತ್ತರಿಸಿದರೆ ಸರಿಯಾಗುತ್ತದೆ. ಕನ್ನಡಕ ಹಾಕುವವರಿಗೆ ಪವರ್ ಇರುವ ಮಾಸ್ಕ್ ಕೆಲವು ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಹಿಂದಿನ ದಿನವೇ ವಿಚಾರಿಸಿ. ಗಾಜು ಮಂಜಾಗದಿರಲು ಒಳಬದಿಗೆ ಎಂಜಲು ಸವರಿ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ, ಅಥವಾ ಒಂದು ಹನಿ ಬೇಬಿ ಶಾಂಪೂ ಸಾಕು. ಇಡೀ ಮುಖ ಮುಚ್ಚುವ ಹೊಸ ಬಗೆಯ ಮಾಸ್ಕ್‌ಗಳನ್ನು ನಾನು ಒಪ್ಪುವುದಿಲ್ಲ. ಕಳಪೆಯಾದವುಗಳಲ್ಲಿ ಬಿಟ್ಟ ಉಸಿರೇ ಒಳಗೆ ಸುತ್ತುತ್ತದೆ, ಗಾಬರಿಯಾದಾಗ ಕ್ಷಣದಲ್ಲಿ ತೆಗೆಯಲೂ ಆಗುವುದಿಲ್ಲ.

ನಂತರ ಹೋಟೆಲಿನ ಈಜುಕೊಳದಲ್ಲೋ ಸೊಂಟದಾಳದ ನೀರಿನಲ್ಲೋ ಇಷ್ಟನ್ನು ಅಭ್ಯಾಸ ಮಾಡಿ:

1. ನಿಂತಲ್ಲೇ ಮುಖ ಮುಳುಗಿಸಿ, ಬಾಯಿಂದ ನಿಧಾನವಾಗಿ, ದೀರ್ಘವಾಗಿ ಉಸಿರಾಡಿ. ಎರಡು ನಿಮಿಷ ಗಾಬರಿಯಾಗದೆ ಇರಬಲ್ಲಿರಾದರೆ ಮುಂದಿನ ಹೆಜ್ಜೆ.
2. ಕೊಳವೆಗೆ ಬೇಕೆಂದೇ ನೀರು ತುಂಬಿಸಿ, ‘ಫೂ’ ಎಂದು ಒಂದೇ ಬಿರುಸಿಗೆ ಊದಿ ಹೊರಹಾಕಿ. ಆಮೇಲೆ ಮೆಲ್ಲಗೆ ಉಸಿರೆಳೆಯಿರಿ. ಊದದೆ ಎಳೆದರೆ ಉಪ್ಪುನೀರು ಗಂಟಲಿಗೆ ಬರುತ್ತದೆ.
3. ಮಾಸ್ಕಿಗೆ ನೀರು ಬಂದರೆ ತಲೆ ಮೇಲೆತ್ತಿ ಕೆಳಗಿನ ಅಂಚನ್ನು ತುಸು ಬಿಡಿಸಿ. ನೀರು ತಾನೇ ಇಳಿಯುತ್ತದೆ.
4. ಬೋರಲಾಗಿ ತೇಲುವಲ್ಲಿಂದ ಅಂಗಾತ ಹೊರಳಿ, ಆಕಾಶ ನೋಡುತ್ತ ಮಲಗಿ. ದಣಿದಾಗ ನಿಮ್ಮನ್ನು ಕಾಯುವುದು ಇದೇ.

ಹಂತ 6: ಜೆಮೆಲುಕ್ ಕೊಲ್ಲಿಯಲ್ಲಿ ನೀರಿಗಿಳಿಯುವುದು

ಆಮೆಡ್‌ನ ಜೆಮೆಲುಕ್ ಕೊಲ್ಲಿ ಕಲಿಯುವವರಿಗೆ ಹೇಳಿಮಾಡಿಸಿದಂತಿದೆ. ದೋಣಿಯ ಹಂಗಿಲ್ಲದೆ ದಡದಿಂದಲೇ ಕೆಲವು ಮೊಳ ತೇಲಿದರೆ ಹವಳ ಸಿಗುತ್ತದೆ. ಬೆಳಗ್ಗೆ ಏಳರ ಹೊತ್ತಿಗೆ ಅಲ್ಲಿರಿ. ಇಬ್ಬರಿಗಿಂತ ಕಡಿಮೆ ಜನ ಎಂದೂ ಇಳಿಯಬೇಡಿ.

ಮೊದಲು ದಡದಲ್ಲಿ ಐದು ನಿಮಿಷ ನಿಂತು ನೀರನ್ನು ಓದಿ. ಲಂಗರು ಹಾಕಿದ ಜುಕುಂಗ್‌ಗಳನ್ನು, ಅಂದರೆ ಎರಡೂ ಪಕ್ಕ ಬಿದಿರಿನ ತೋಳಿರುವ ಮೀನುಗಾರರ ಕಿರುದೋಣಿಗಳನ್ನು ಗಮನಿಸಿ. ಗಾಳಿಯಿಲ್ಲದಾಗ ಅವುಗಳ ಮೂತಿ ಯಾವ ಕಡೆಗಿದೆಯೋ ಆ ಕಡೆಯಿಂದ ನೀರಿನ ಸೆಳೆತ ಬರುತ್ತಿದೆ. ಸೆಳೆತಕ್ಕೆ ಎದುರಾಗಿ ಹೊರಟು, ಅದರ ಜೊತೆಗೆ ಮರಳುವುದು ನಿಯಮ. ದಣಿದ ಮೇಲೆ ಸೆಳೆತವೇ ನಿಮ್ಮನ್ನು ತರಬೇಕು. ತೀರದಲ್ಲಿ ಒಂದು ಗುರುತು ಇಟ್ಟುಕೊಂಡು ಆಗಾಗ ತಲೆಯೆತ್ತಿ ನೋಡಿ. ಕೆಳಗಿನ ಬಣ್ಣಗಳು ಸಮಯವನ್ನು ಮರೆಸುತ್ತವೆ. ನಿಮಗೆ ತಿಳಿಯದೆಯೇ ನೂರು ಮೀಟರ್ ಸರಿದಿರುತ್ತೀರಿ. ಸೆಳೆತ ಹೊರಕ್ಕೆ ಎಳೆದರೆ ನೇರವಾಗಿ ದಡದ ಕಡೆಗೆ ಹೋರಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಸರಿದು ಸೆಳೆತದ ಪಟ್ಟಿಯಿಂದ ಹೊರಬನ್ನಿ.

ಕಾಲಿಗೆ ಕಟ್ಟುವ ಈಜುರೆಕ್ಕೆಗಳನ್ನು ನೀರಿನಲ್ಲಿ ನಿಂತು ತೊಡಿ. ತೊಟ್ಟ ಮೇಲೆ ನಡೆಯುವುದಾದರೆ ಹಿಂದುಹಿಂದಕ್ಕೆ ನಡೆಯಿರಿ. ಒದೆತ ಸೊಂಟದಿಂದ ಬರಲಿ, ಸಣ್ಣದಾಗಿರಲಿ.

ಹವಳ ಕಲ್ಲಲ್ಲ. ಸಾವಿರಾರು ಪುಟ್ಟ ಜೀವಿಗಳು ಸೇರಿ ಕಟ್ಟಿದ ಮನೆ ಅದು, ಬೆಳೆಯುವುದು ಬಹಳ ನಿಧಾನ. ಅದರ ಮೇಲೆ ನಿಂತು ಮಾಸ್ಕ್ ಸರಿಪಡಿಸಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೊಂದಿಸಿಕೊಳ್ಳಬೇಕಾದರೆ ಬೆನ್ನ ಮೇಲೆ ತೇಲಿ, ಇಲ್ಲವೇ ಮರಳಿರುವಲ್ಲಿಗೆ ಬನ್ನಿ. ತಗುಲಿದರೆ ನಿಮಗೂ ಒಳ್ಳೆಯದಲ್ಲ. ಹವಳದ ಗೀರು ಬೇಗ ಕೀವಾಗುತ್ತದೆ. ಕೂಡಲೇ ಸಿಹಿನೀರು, ಸೋಪು ಹಾಕಿ ತೊಳೆದು ನಂಜುನಿರೋಧಕ ಹಚ್ಚಿ. ಸೀ ಅರ್ಚಿನ್ ಎಂಬ ಕರಿಮುಳ್ಳಿನ ಉಂಡೆಗಳು ಕಲ್ಲಿನ ಸಂದುಗಳಲ್ಲಿರುತ್ತವೆ. ಸ್ಟೋನ್‌ಫಿಶ್ ಕಲ್ಲಿನಂತೆಯೇ ಬಿದ್ದಿರುತ್ತದೆ, ಅದರ ಮುಳ್ಳಿನಲ್ಲಿ ಘೋರ ವಿಷವಿದೆ. ಏನನ್ನೂ ಮುಟ್ಟದವನಿಗೆ ಇವೆರಡರಿಂದಲೂ ಭಯವಿಲ್ಲ. ತಾನಾಗಿಯೇ ಮೈಮೇಲೆ ಬರುವ ಮೀನೆಂದರೆ ಟೈಟನ್ ಟ್ರಿಗರ್. ಮೊಟ್ಟೆ ಕಾಯುವ ಕಾಲದಲ್ಲಿ ಗೂಡಿನಿಂದ ಮೇಲಕ್ಕೆ, ಆಲಿಕೆಯಂತೆ ಅಗಲವಾಗುತ್ತ ಹೋಗುವ ಜಾಗವೆಲ್ಲ ತನ್ನದೆನ್ನುತ್ತದೆ. ಅದು ಬೆನ್ನಟ್ಟಿದರೆ ಮೇಲಕ್ಕಲ್ಲ, ಪಕ್ಕಕ್ಕೆ ಸರಿದು ದೂರವಾಗಿ.

ಮುಕ್ಕಾಲು ಗಂಟೆ ಸಾಕು. ಮೈ ನಡುಗಿತೆಂದರೆ ಅದಕ್ಕೂ ಮುಂಚೆಯೇ ಹೊರಬನ್ನಿ.

ಹಂತ 7: ತುಲಂಬೆನ್‌ನ ಹಡಗು, ಧೈರ್ಯ ಬಂದವರಿಗೆ

ಆಮೆಡ್‌ನಿಂದ ಅರ್ಧ ಗಂಟೆಯೊಳಗೆ ತುಲಂಬೆನ್. ಅಮೆರಿಕದ ಸೇನೆಯ ಸರಕು ಹಡಗು ಲಿಬರ್ಟಿಗೆ 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿ ಟಾರ್ಪೆಡೊ ಹೊಡೆಯಿತು. ಎಳೆದೊಯ್ಯಲಾಗದೆ ಅದನ್ನು ತುಲಂಬೆನ್ ದಡಕ್ಕೆ ತಂದು ಬಿಟ್ಟರು. 1963ರಲ್ಲಿ ಅಗುಂಗ್ ಸಿಡಿದಾಗ ಅದು ದಡದಿಂದ ನೀರಿಗೆ ಜಾರಿತು. ಈಗ ಅದರ ಮೈತುಂಬ ಹವಳ. ಆಳದ ತುದಿ ಸುಮಾರು 30 ಮೀಟರ್ ಕೆಳಗಿದೆ. ಆದರೆ ದಡದ ಕಡೆಯ ಭಾಗ 5 ಮೀಟರ್‌ನಷ್ಟೇ ಕೆಳಗಿರುವುದರಿಂದ ತೇಲುತ್ತಲೇ ನೋಡಬಹುದು. ಕಲ್ಲಿನ ದಡದಲ್ಲಿ ಅಲೆ ಒಡೆಯುವ ಜಾಗ ಮಾತ್ರ ಕಷ್ಟ. ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ದಾಟಿ. ಸ್ಕೂಬಾ ಸಿಲಿಂಡರ್‌ಗಳನ್ನು ತಲೆಯ ಮೇಲೆ ಹೊತ್ತು ಬರುವ ಹೆಂಗಸರಿಗೆ ದಾರಿ ಬಿಡಿ.

ಸ್ಕೂಬಾ ಮಾಡಿದವರು ಆಮೇಲೆ ಅನೇಕ ಗಂಟೆಗಳು ಕಳೆಯುವವರೆಗೆ ವಿಮಾನವನ್ನೂ ಎತ್ತರದ ಬೆಟ್ಟವನ್ನೂ ಏರಬಾರದು. ಮೇಲ್ಮೈಯಲ್ಲಿ ತೇಲಿದವರಿಗೆ ಆ ನಿರ್ಬಂಧವಿಲ್ಲ.

ಹಂತ 8: ದೇವಸ್ಥಾನಕ್ಕೆ ಹೊರಡುವ ಮುಂಚೆ ತಿಳಿದಿರಬೇಕಾದದ್ದು

ಬಾಲಿಯ ದೇವಸ್ಥಾನವನ್ನು ಪುರ ಎನ್ನುತ್ತಾರೆ. ನಮ್ಮ ದೇವಸ್ಥಾನದ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ದಾರಿ ತಪ್ಪುತ್ತೀರಿ. ಕತ್ತಲ ಗರ್ಭಗುಡಿಯಿಲ್ಲ, ಸಾಲಿನಲ್ಲಿ ನಿಂತು ಪಡೆಯುವ ಮೂರ್ತಿಯ ದರ್ಶನವಿಲ್ಲ. ಎಲ್ಲವೂ ಆಕಾಶಕ್ಕೆ ತೆರೆದ ಅಂಗಳ. ಹೊರಗಿನದು ನಿಸ್ತ ಮಂಡಲ, ನಡುವಿನದು ಮಧ್ಯ ಮಂಡಲ, ಒಳಗಿನದು ಉತ್ತಮ ಮಂಡಲ. ಒಳಗಿನ ಅಂಗಳದ ಎತ್ತರದ ಪದ್ಮಾಸನ ಎಂಬ ಪೀಠ ಬರಿದಾಗಿರುತ್ತದೆ. ನಿರಾಕಾರನಾದ ಸಾಂಗ್ ಹ್ಯಾಂಗ್ ವಿಧಿಗೆ, ಪರಮಾತ್ಮನಿಗೆ ಅಲ್ಲಿ ಆಸನ.

ಈಗ ಆ ಪ್ರಶ್ನೆ: ಒಳಗೆ ಬಿಡುತ್ತಾರೆಯೇ? 2025ರ ಮಾರ್ಚ್‌ನಲ್ಲಿ ಬಾಲಿಯ ಗವರ್ನರ್ ಹೊರಡಿಸಿದ ಸುತ್ತೋಲೆಯ ಪ್ರಕಾರ ಪವಿತ್ರ ಒಳ ಆವರಣಕ್ಕೆ ಪ್ರಾರ್ಥನೆಗೆ ಬಂದವರಿಗಷ್ಟೇ ಪ್ರವೇಶ, ಅದೂ ಬಾಲಿಯ ಸಾಂಪ್ರದಾಯಿಕ ಉಡುಪಿನಲ್ಲಿ. ‘ನಾನೂ ಹಿಂದೂ’ ಎಂದು ಬಾಗಿಲಲ್ಲಿ ವಾದಿಸಿ ಫಲವಿಲ್ಲ. ಪ್ರಾರ್ಥಿಸಬೇಕೆಂಬ ಮನಸ್ಸು ನಿಜವಾಗಿದ್ದರೆ ಹೋಟೆಲಿನವರಿಗೋ ಚಾಲಕರಿಗೋ ಹಿಂದಿನ ದಿನವೇ ಹೇಳಿ, ಜೊತೆಗೆ ಬರುವ ಸ್ಥಳೀಯರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ಪೂರ್ತಿ ಉಡುಪು ತೊಟ್ಟು, ಕಾಣಿಕೆ ಹಿಡಿದು, ಅವರ ಹಿಂದೆ ನಿಂತು ಪೆಮಂಕು ಎಂದು ಕರೆಯುವ ಅರ್ಚಕರ ಒಪ್ಪಿಗೆ ಕೇಳಿ. ಒಪ್ಪಿದರೆ ಭಾಗ್ಯ. ಒಪ್ಪದಿದ್ದರೆ ಹೊರ ಅಂಗಳದಲ್ಲೇ ಕೈಮುಗಿಯಿರಿ.

ಮುಟ್ಟಾದ ಹೆಂಗಸರಿಗೂ ಹತ್ತಿರದವರ ಸಾವಿನ ಸೂತಕದಲ್ಲಿರುವವರಿಗೂ ಪ್ರವೇಶವಿಲ್ಲ. ಸೂತಕಕ್ಕೆ ಅಲ್ಲಿ ಚುಂತಕ ಎನ್ನುತ್ತಾರೆ. ಇದನ್ನು ಯಾರೂ ತಪಾಸಣೆ ಮಾಡುವುದಿಲ್ಲ, ಬರುವವರ ಪ್ರಾಮಾಣಿಕತೆಗೆ ಬಿಟ್ಟಿದ್ದಾರೆ. ಅದಕ್ಕಾಗಿಯೇ ಪಾಲಿಸಬೇಕು ಎಂಬುದು ನನ್ನ ನಿಲುವು. ದಿನ ಹಿಂದುಮುಂದಾದರೆ ಕಡಲಿನ ಬೆಳಗನ್ನೂ ದೇವಸ್ಥಾನದ ಬೆಳಗನ್ನೂ ಅದಲುಬದಲು ಮಾಡಿಕೊಳ್ಳಿ.

ಹಂತ 9: ಲೆಂಪುಯಾಂಗ್‌ನ ಬೆಳಗು

ಕತ್ತಲಿರುವಾಗಲೇ ಹೊರಡಿ. ಲೆಂಪುಯಾಂಗ್ ಬಾಲಿಯ ಅತಿ ಪವಿತ್ರ ಕ್ಷೇತ್ರಗಳಲ್ಲೊಂದು. ದ್ವೀಪದ ಪೂರ್ವ ದಿಕ್ಕನ್ನು ಕಾಯುತ್ತದೆ ಎಂಬ ನಂಬಿಕೆ. ನಮ್ಮಲ್ಲಿ ಪೂರ್ವಕ್ಕೆ ಇಂದ್ರ, ಬಾಲಿಯವರಿಗೆ ಈಶ್ವರ. ವಾಹನವನ್ನು ಕೆಳಗಿನ ನಿಲ್ದಾಣದಲ್ಲಿ ಬಿಟ್ಟು, ಟಿಕೆಟ್ ಪಡೆದು, ಅಲ್ಲಿನ ಗಾಡಿಯಲ್ಲಿ ಪೆನತರಾನ್ ಅಗುಂಗ್ ದೇವಸ್ಥಾನಕ್ಕೆ ಹೋಗಬೇಕು.

ನೀವು ಚಿತ್ರಗಳಲ್ಲಿ ಕಂಡ ಸೀಳಿದ ಹೆಬ್ಬಾಗಿಲು ಇಲ್ಲಿಯದೇ. ಅದಕ್ಕೆ ಚಂಡಿ ಬೆಂತಾರ್ ಎಂದು ಹೆಸರು. ಎರಡು ಹೋಳುಗಳ ನಡುವೆ 3,000 ಮೀಟರ್ ಮೀರಿದ ಅಗುಂಗ್ ನಿಂತಿರುತ್ತದೆ. ಚಿತ್ರದಲ್ಲಿ ಬಾಗಿಲ ಮುಂದೆ ಕಾಣುವ ಕೆರೆ ಮಾತ್ರ ಅಲ್ಲಿಲ್ಲ. ಮೊಬೈಲ್‌ನ ಕೆಳಗೆ ಕನ್ನಡಿಯ ತುಂಡು ಹಿಡಿದು ಆ ಪ್ರತಿಬಿಂಬ ಮೂಡಿಸುತ್ತಾರೆ. ಆ ಚಿತ್ರಕ್ಕಾಗಿ ಸರತಿಯಲ್ಲಿ ಗಂಟೆಗಟ್ಟಲೆ ನಿಲ್ಲುವವರಿದ್ದಾರೆ. ನಿಮ್ಮ ಸರದಿ ಬರುವಷ್ಟರಲ್ಲಿ ಪರ್ವತ ಮೋಡದೊಳಗಿರಬಹುದು. ಪಕ್ಕದಲ್ಲಿ ನಿಂತು ಪರ್ವತವನ್ನು ಕಣ್ತುಂಬ ನೋಡಲು ಯಾವ ಸರತಿಯೂ ಇಲ್ಲ.

ಶಿಖರದ ಪುರ ಲುಹುರ್‌ವರೆಗೆ ಸುಮಾರು 1,700 ಮೆಟ್ಟಿಲು. ನೀರು ಒಯ್ಯಿರಿ, ಮಂಗಗಳಿಗೆ ಕಾಣುವಂತೆ ತಿಂಡಿ ಹಿಡಿಯಬೇಡಿ. ‘ಇನ್ನೂ ಎಷ್ಟು ದೂರ, ಕಾಲು ಬಿದ್ದುಹೋಯಿತು’ ಎಂದು ಗೊಣಗುತ್ತ ಹತ್ತಬಾರದು ಎಂಬುದು ಅಲ್ಲಿನ ಕಟ್ಟಳೆ.

ಹಂತ 10: ಅಂಗಳದೊಳಗೆ

ಎದುರು ಸಿಕ್ಕವರಿಗೆ ಕೈಮುಗಿದು ‘ಓಂ ಸ್ವಸ್ತ್ಯಸ್ತು’ ಎನ್ನಿ. ನೆಲದ ಮೇಲೆ ಎಳೆಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅಕ್ಕಿ, ಊದುಬತ್ತಿ ಇಟ್ಟಿರುತ್ತಾರೆ. ಅದು ಚನಾಂಗ್ ಸಾರಿ, ದಿನದ ನೈವೇದ್ಯ. ಮೆಟ್ಟಬೇಡಿ, ದಾಟಬೇಡಿ, ಸುತ್ತಿ ಹೋಗಿ. ಪ್ರಾರ್ಥಿಸುವವರ ಮುಂದೆ ಹಾಯಬೇಡಿ, ಅರ್ಚಕರಿಗಿಂತ ಎತ್ತರದ ಜಾಗದಲ್ಲಿ ನಿಲ್ಲಬೇಡಿ, ಗುಡಿಯ ಕಟ್ಟೆಯನ್ನು ಹತ್ತಬೇಡಿ. ಚಪ್ಪಲಿಯ ವಿಷಯದಲ್ಲಿ ನಿಮ್ಮ ರೂಢಿಯನ್ನು ಹೇರದೆ ಸುತ್ತಲಿನವರನ್ನು ನೋಡಿ ಮಾಡಿ. ಕಾಯಿ ಒಡೆಯುವುದು, ಕರ್ಪೂರ ಹಚ್ಚುವುದು ಬೇಡ.

ಒಳಗೆ ಕುಳಿತು ಪ್ರಾರ್ಥಿಸುವ ಅವಕಾಶ ಸಿಕ್ಕರೆ ಕ್ರಮ ಹೀಗೆ: ಗಂಡಸರು ಚಕ್ಕಳಮಕ್ಕಳ ಹಾಕಿ, ಹೆಂಗಸರು ಮಂಡಿಯೂರಿ ಕೂರುತ್ತಾರೆ. ಐದು ಬಾರಿ ಕೈಗಳನ್ನು ಹಣೆಯ ಮೇಲಕ್ಕೆ ಜೋಡಿಸುತ್ತಾರೆ. ಮೊದಲ ಬಾರಿ ಮತ್ತು ಕೊನೆಯ ಬಾರಿ ಬರಿಗೈ, ನಡುವೆ ಬೆರಳ ತುದಿಯಲ್ಲಿ ಹೂವು. ಆಮೇಲೆ ಪೆಮಂಕು ತೀರ್ಥ ಚಿಮುಕಿಸುತ್ತಾರೆ. ತೀರ್ಥ ಎಂಬ ಪದವೇ ಅಲ್ಲೂ ಇದೆ. ಬಲಗೈಯನ್ನು ಎಡಗೈ ಮೇಲಿಟ್ಟು ಮೂರು ಬಾರಿ ಸೇವಿಸಿ, ಬಿಜಾ ಎಂಬ ನೆನೆಸಿದ ಅಕ್ಕಿಕಾಳುಗಳನ್ನು ಹಣೆಗೆ ಒತ್ತಿಕೊಳ್ಳಿ.

ಮರಳುವಾಗ ತೀರ್ಥ ಗಂಗಾವನ್ನೂ ನೋಡಿ. ಕರಂಗಾಸೆಮ್‌ನ ರಾಜ 1946ರಲ್ಲಿ ಕಟ್ಟಿಸಲು ತೊಡಗಿದ ಜಲೋದ್ಯಾನ ಇದು. 1963ರ ಸ್ಫೋಟದಲ್ಲಿ ಹಾಳಾಗಿ ಮತ್ತೆ ಎದ್ದಿದೆ. ಕೊಳದ ನಡುವಿನ ಕಲ್ಲುಗಳ ಮೇಲೆ ಹೆಜ್ಜೆಯಿಡುತ್ತ ಮೀನುಗಳ ನಡುವೆ ನಡೆಯಬಹುದು. ಮೆಟ್ಟಿಲು ಹತ್ತಿಳಿದ ಕಾಲುಗಳನ್ನು ಸ್ನಾನಕ್ಕೆಂದೇ ಬಿಟ್ಟಿರುವ ಕೊಳದ ತಣ್ಣೀರಿನಲ್ಲಿ ಇಳಿಬಿಟ್ಟು ಕುಳಿತುಕೊಳ್ಳಿ. ನಿನ್ನೆಯ ಒದ್ದೆ ಈಜು ಉಡುಪನ್ನು ಚೀಲಕ್ಕೆ ಹಾಕಿಕೊಳ್ಳಬೇಕಾದದ್ದು ಈ ಒಂದು ನಿಲುಗಡೆಗೆ ಮಾತ್ರ.